ಆಟದ ಊರು ಗೊಂಬೆಯೂರಾಗಿ ಕಾಣುವುದೇಕೆ?

ಜಪಾನಿನಲ್ಲಿ ಹುಟ್ಟಿದ ‘ಡ್ರ್ಯಾಗನ್ ಕ್ವೆಸ್ಟ್’ ಎಂಬ ಆಟಮಾಲೆಯ ಮೂರನೆಯ ಕೃತಿ 1988ರ ಫೆಬ್ರವರಿ 10ರಂದು ಮಾರಾಟಕ್ಕೆ ಬಂದಿತು. ಅದೇ ಕಥೆ, ಅದೇ ಊರುಗಳು, ಅದೇ ಪಾತ್ರಗಳು ಮೂವತ್ತಾರು ವರ್ಷಗಳ ತರುವಾಯ, 2024ರ ನವೆಂಬರ್ 14ರಂದು, ಸಂಪೂರ್ಣವಾಗಿ ಹೊಸ ಉಡುಪನ್ನು ತೊಟ್ಟು ಮತ್ತೆ ಬಂದವು. ಈ ಹೊಸ ಆಟವನ್ನು ಮೊದಲ ಹತ್ತು ಹನ್ನೆರಡು ಗಂಟೆಗಳ ಕಾಲ ಆಡಿದವನಿಗೆ ಎಲ್ಲಕ್ಕಿಂತ ಮುಂಚೆ ಕಣ್ಣಿಗೆ ಬೀಳುವ ಸಂಗತಿ ಒಂದುಂಟು. ಪರದೆಯ ಮೇಲಿನ ಊರು ಊರಿನಂತೆ ಕಾಣುವುದಿಲ್ಲ. ಮೇಜಿನ ಮೇಲೆ ಜೋಡಿಸಿಟ್ಟ ಆಟಿಕೆಯ ಊರಿನಂತೆ ಕಾಣುತ್ತದೆ. ಮನೆಗಳು ಬೊಂಬೆಯ ಮನೆಗಳು, ಮರಗಳು ಬೆರಳುದ್ದದ ಮರಗಳು, ನಾಯಕನೂ ನವರಾತ್ರಿಯ ಸಾಲಿನಲ್ಲಿ ನಿಲ್ಲಿಸಬಹುದಾದ ಗೊಂಬೆ. ಇದು ಚಿಕ್ಕದೆಂದು ನಮಗೆ ಯಾರೂ ಹೇಳಿಲ್ಲ. ಪಕ್ಕದಲ್ಲಿ ಅಳತೆಗೋಲನ್ನೂ ಇಟ್ಟಿಲ್ಲ. ಹೀಗಿರಲು ಕಣ್ಣು ಈ ತೀರ್ಮಾನಕ್ಕೆ ಬಂದುದಾದರೂ ಹೇಗೆ? ಆಟದ ವಿಮರ್ಶಕರು ಇದನ್ನು ‘ಚೆಲುವು’ ಎಂದು ಹೇಳಿ ಮುಂದೆ ಸಾಗುತ್ತಾರೆ. ಭೌತವಿಜ್ಞಾನದ ವಿದ್ಯಾರ್ಥಿಯು ಅಷ್ಟಕ್ಕೇ ತೃಪ್ತನಾಗಬಾರದು.

ಈ ಬಗೆಯ ಆಟಗಳ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ಇವನ್ನು ಪಾತ್ರಧಾರಣೆಯ ಆಟಗಳೆಂದು ಕರೆಯಬಹುದು. ಆಡುವವನು ಕಥೆಯೊಳಗಿನ ಒಬ್ಬ ವೀರನ ಪಾತ್ರವನ್ನು ವಹಿಸಿ, ಸಂಗಾತಿಗಳನ್ನು ಕೂಡಿಕೊಂಡು ದೇಶಸಂಚಾರ ಮಾಡುತ್ತಾನೆ. ದಾರಿಯಲ್ಲಿ ಎದುರಾಗುವ ವಿಚಿತ್ರ ಜಂತುಗಳೊಡನೆ ಕಾದಾಡಿ ಅನುಭವವನ್ನೂ ಬಲವನ್ನೂ ಹೆಚ್ಚಿಸಿಕೊಳ್ಳುತ್ತಾನೆ. ಡ್ರ್ಯಾಗನ್ ಕ್ವೆಸ್ಟ್ ಮಾಲೆಯ ಮೊದಲ ಆಟವು 1986ರಲ್ಲಿ ಹೊರಬಂದಿತು. ಅದನ್ನು ರೂಪಿಸಿದವನು ಯೂಜಿ ಹೊರಿ. ಜಂತುಗಳ ಚಿತ್ರ ಬರೆದವನು ಪ್ರಸಿದ್ಧ ಚಿತ್ರಕಾರ ಅಕಿರ ತೊರಿಯಾಮ. ಸಂಗೀತವನ್ನು ಹೊಂದಿಸಿದವನು ಕೊಯಿಚಿ ಸುಗಿಯಾಮ. ಸುಗಿಯಾಮ 2021ರಲ್ಲಿಯೂ ತೊರಿಯಾಮ 2024ರ ಮಾರ್ಚ್‌ನಲ್ಲಿಯೂ ತೀರಿಕೊಂಡರು. ಮೂರನೆಯ ಆಟ ಮಾರಾಟಕ್ಕೆ ಬಂದ ದಿನ ಬುಧವಾರ. ಅಂಗಡಿಗಳ ಮುಂದೆ ಸಾಲುಗಟ್ಟಿದ ಜನರಲ್ಲಿ ಶಾಲೆ ತಪ್ಪಿಸಿ ಬಂದ ಹುಡುಗರೂ ಇದ್ದರು. ಇದರಿಂದಾಗಿ ಕೆಲಸದ ದಿನಗಳಲ್ಲಿ ಈ ಆಟವನ್ನು ಮಾರಕೂಡದೆಂದು ಜಪಾನಿನಲ್ಲಿ ಶಾಸನವೇ ಆಯಿತೆಂಬ ಮಾತು ಇಂದಿಗೂ ಚಲಾವಣೆಯಲ್ಲಿದೆ. ಅದು ಬರಿಯ ದಂತಕಥೆ.

ಹಳೆಯ ಆಟವು ಓಡುತ್ತಿದ್ದುದು ನಿಂಟೆಂಡೊ ಸಂಸ್ಥೆಯು 1983ರಲ್ಲಿ ಹೊರತಂದ ‘ಫ್ಯಾಮಿಕಾಮ್’ ಎಂಬ ಯಂತ್ರದ ಮೇಲೆ. ಅದರ ಪರದೆಯು ಅಡ್ಡಲಾಗಿ 256, ಉದ್ದವಾಗಿ 240 ಚುಕ್ಕಿಗಳಿಂದ ಕೂಡಿದ್ದು. ಅಂದರೆ ಒಟ್ಟು 61,440 ಚುಕ್ಕಿಗಳು. ಒಂದೊಂದು ಚುಕ್ಕಿಗೂ ನಾಲ್ಕು ಬಣ್ಣಗಳಲ್ಲಿ ಯಾವುದೆಂದು ತಿಳಿಸಲು ಎರಡು ಬಿಟ್‌ಗಳು ಬೇಕೆಂದಿಟ್ಟುಕೊಳ್ಳೋಣ. ಆಗ ಒಂದು ಪರದೆಯ ಚಿತ್ರವನ್ನು ಇದ್ದಂತೆಯೇ ದಾಖಲಿಸಲು 15,360 ಬೈಟ್‌ಗಳು ಬೇಕಾಗುತ್ತವೆ. ಮೂರನೆಯ ಆಟದ ಇಡೀ ಸಂಪುಟದ ಸ್ಮೃತಿಯೇ 256 ಕಿಲೊಬೈಟ್ (ಮೊದಲ ಆಟದ್ದು 64 ಮಾತ್ರ). ಭಾಗಿಸಿ ನೋಡಿ: ಹದಿನೇಳು ಚಿತ್ರಗಳಿಗೆ ಸ್ಮೃತಿಯೆಲ್ಲ ಮುಗಿದುಹೋಗುತ್ತದೆ, ಕಥೆಗೆ, ಸಂಭಾಷಣೆಗೆ, ಸಂಗೀತಕ್ಕೆ, ಆಟದ ನಿಯಮಗಳಿಗೆ ಒಂದು ಬೈಟೂ ಉಳಿಯುವುದಿಲ್ಲ. ಹಾಗಾದರೆ ಖಂಡಖಂಡಾಂತರಗಳ ಭೂಪಟವನ್ನೂ ಹತ್ತಾರು ಊರುಗಳನ್ನೂ ಅದರಲ್ಲಿ ತುಂಬಿದ್ದು ಹೇಗೆ?

ಮುದ್ರಣಾಲಯವನ್ನು ನೆನೆಸಿಕೊಂಡರೆ ಉತ್ತರ ಸಿಕ್ಕುತ್ತದೆ. ಹಿಂದಿನ ಮುದ್ರಕನು ಪ್ರತಿ ಪುಟಕ್ಕೂ ಹೊಸ ಹಲಗೆಯನ್ನು ಕೆತ್ತಿಸುತ್ತಿರಲಿಲ್ಲ. ಒಂದು ಪೆಟ್ಟಿಗೆಯ ಅಚ್ಚುಮೊಳೆಗಳನ್ನೇ ಮತ್ತೆ ಮತ್ತೆ ಜೋಡಿಸಿ ಸಾವಿರ ಪುಟ ಮಾಡುತ್ತಿದ್ದನು. ಫ್ಯಾಮಿಕಾಮ್ ಕೂಡ ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಬಿಲ್ಲೆಗಳನ್ನು ಅಚ್ಚುಮೊಳೆಗಳಂತೆ ಬಳಸುತ್ತದೆ. ಪರದೆಯಲ್ಲಿ ಇಂಥ ಬಿಲ್ಲೆಗಳು 32 ಅಂಕಣ, 30 ಸಾಲು, ಅಂದರೆ 960. ಯಾವ ಜಾಗದಲ್ಲಿ ಎಷ್ಟನೆಯ ಬಿಲ್ಲೆ ಎಂದು ಹೇಳಲು ಒಂದು ಬೈಟ್ ಸಾಕು. ಹದಿನೈದು ಸಾವಿರ ಬೈಟ್‌ಗಳ ಚಿತ್ರ ಹೀಗೆ ಒಂದು ಸಾವಿರಕ್ಕಿಳಿಯಿತು. ವೀರನ ಆಕೃತಿಯು ಇಂಥ ನಾಲ್ಕು ಬಿಲ್ಲೆಗಳಿಂದಾದುದು; ಅವನ ಒಂದು ಭಂಗಿಗೆ ತಗಲುವ ಸ್ಮೃತಿ 64 ಬೈಟ್ ಮಾತ್ರ. ಇಷ್ಟು ಬಿಗಿಹಿಡಿದರೂ ಸ್ಥಳ ಸಾಲದೆ, ಆಟದ ಹೆಸರು ಮೂಡುವ ಮೊದಲ ಪುಟವನ್ನು ಅಲಂಕಾರವಿಲ್ಲದೆ, ಸಂಗೀತವಿಲ್ಲದೆ, ಕಪ್ಪು ಹಿನ್ನೆಲೆಯ ಮೇಲೆ ಬರಿಯ ಅಕ್ಷರಗಳಲ್ಲಿ ಬಿಟ್ಟರು. ಇಂದಿನ ಕೈಫೋನಿನಲ್ಲಿ ತೆಗೆದ ಒಂದೇ ಒಂದು ಛಾಯಾಚಿತ್ರ ಮೂರು ಮೆಗಾಬೈಟ್ ಇದ್ದರೆ, ಅದರಲ್ಲಿ ಈ ಇಡೀ ಆಟ ಹನ್ನೆರಡು ಸಲ ಅಡಗುತ್ತದೆ.

ಆ ಸಂಪುಟದಲ್ಲಿ ಇನ್ನೊಂದು ಸ್ವಾರಸ್ಯವಿತ್ತು. ಆಟವನ್ನು ನಿಲ್ಲಿಸಿದ ಸ್ಥಳವನ್ನು ನೆನಪಿಡಲು ಅದರೊಳಗೆ ಒಂದು ಚಿಕ್ಕ ಸ್ಮೃತಿಖಂಡವನ್ನೂ ಅದನ್ನು ಜೀವಂತವಾಗಿಡಲು ನಾಣ್ಯದಾಕಾರದ ಒಂದು ವಿದ್ಯುತ್ಕೋಶವನ್ನೂ ಅಳವಡಿಸಿದ್ದರು. ಅಂಥ ಕೋಶದ ಸಾಮರ್ಥ್ಯ ಸುಮಾರು 200 ಮಿಲಿಆಂಪಿಯರ್-ಗಂಟೆ. ಸ್ಮೃತಿಯು ಒಂದು ಮೈಕ್ರೊಆಂಪಿಯರ್ ಮಾತ್ರ ಸೆಳೆದರೆ ಕೋಶವು ಎರಡು ಲಕ್ಷ ಗಂಟೆ, ಎಂದರೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ, ಬಾಳಬೇಕು. ಆದರೂ ಎಷ್ಟೋ ಮಕ್ಕಳ ತಿಂಗಳುಗಟ್ಟಲೆಯ ಸಂಚಾರ ಒಂದೇ ಕ್ಷಣದಲ್ಲಿ ಅಳಿಸಿಹೋದದ್ದುಂಟು. ತಪ್ಪು ಕೋಶದ್ದೇ ಆಗಬೇಕೆಂದಿರಲಿಲ್ಲ. ಗುಂಡಿಯನ್ನು ಆರಿಸಿದೊಡನೆ ಯಂತ್ರದ ವೋಲ್ಟೇಜು ಒಮ್ಮೆಗೇ ಸೊನ್ನೆಗಿಳಿಯುವುದಿಲ್ಲ. ಧಾರಕಗಳಲ್ಲಿ ಉಳಿದ ವಿದ್ಯುತ್ತು ಮೆಲ್ಲನೆ ಬರಿದಾಗುತ್ತದೆ. ಆ ಅರೆಬಲದ ಗಳಿಗೆಯಲ್ಲಿ ಸಂಸ್ಕಾರಕವು ದಿಕ್ಕೆಟ್ಟು ಸ್ಮೃತಿಯ ಮೇಲೆ ಏನನ್ನಾದರೂ ಗೀಚಿಬಿಡಬಹುದು. ಆದುದರಿಂದಲೇ ‘ರೀಸೆಟ್’ ಗುಂಡಿಯನ್ನು ಒತ್ತಿಹಿಡಿದು ಯಂತ್ರವನ್ನು ಆರಿಸಬೇಕೆಂಬ ಎಚ್ಚರಿಕೆ ಇತ್ತು. ಒತ್ತಿಹಿಡಿದಷ್ಟು ಹೊತ್ತು ಸಂಸ್ಕಾರಕವು ಕೈಕಟ್ಟಿ ಕುಳಿತಿರುತ್ತದೆ. ಹೊಸ ಆಟದಲ್ಲಿ ಈ ಭಯವಿಲ್ಲ. ಅದು ತಾನಾಗಿಯೇ ಆಗಾಗ ದಾಖಲಿಸಿಕೊಳ್ಳುತ್ತದೆ.

ಇರಲಿ, ಈಗ ದೃಶ್ಯದ ಮಾತಿಗೆ ಬರೋಣ. ಹಳೆಯ ಆಟದ ಊರಿನ ಚಿತ್ರದಲ್ಲಿ ದೂರ ಸಮೀಪ ಎಂಬ ಭೇದವಿಲ್ಲ. ಮೇಲಿನ ಸಾಲಿನ ಮರವೂ ಕೆಳಗಿನ ಸಾಲಿನ ಮರವೂ ಒಂದೇ ಗಾತ್ರ. ನೆಲವನ್ನು ಮೇಲಿನಿಂದಲೂ ಮನುಷ್ಯರನ್ನು ಎದುರಿನಿಂದಲೂ ನೋಡುತ್ತೇವೆ. ಗಣಿತದ ಭಾಷೆಯಲ್ಲಿ ಇದು ಸಮಾಂತರ ಪ್ರಕ್ಷೇಪಕ್ಕೆ ಹತ್ತಿರವಾದುದು. ಜಪಾನೀಯರಿಗೆ ಇದೇನೂ ಹೊಸದಲ್ಲ. ಹನ್ನೆರಡನೆಯ ಶತಮಾನದ ‘ಗೆಂಜಿ’ ಕಥೆಯ ಚಿತ್ರಸುರುಳಿಗಳಲ್ಲಿ ಮನೆಯ ಸೂರನ್ನೇ ತೆಗೆದುಹಾಕಿ, ಓರೆಯಾಗಿ ಮೇಲಿನಿಂದ ಒಳಗಿನ ಜನರನ್ನು ತೋರಿಸುವ ಪದ್ಧತಿಯಿದೆ. ಅಲ್ಲಿಯೂ ಸಮಾಂತರ ರೇಖೆಗಳು ದೂರದಲ್ಲಿ ಕೂಡುವುದಿಲ್ಲ. ಇಂಥ ಚಿತ್ರದಲ್ಲಿ ನೋಡುವವನಿಗೆ ನಿರ್ದಿಷ್ಟವಾದ ಒಂದು ನೆಲೆ ಇರುವುದಿಲ್ಲ. ಅವನು ಹತ್ತು ಮಾರು ದೂರದಲ್ಲಿರುವನೋ ಹತ್ತು ಅಂಗುಲ ದೂರದಲ್ಲಿರುವನೋ ಚಿತ್ರವು ಹೇಳುವುದಿಲ್ಲ. ಗಾತ್ರವನ್ನು ನಿಶ್ಚಯಿಸುವ ಕೆಲಸ ಕಲ್ಪನೆಗೆ ಉಳಿಯುತ್ತದೆ.

ಹೊಸ ಆಟದ ರೀತಿ ಬೇರೆ. ಸ್ಕ್ವೇರ್ ಎನಿಕ್ಸ್ ಸಂಸ್ಥೆಯು 2018ರ ‘ಆಕ್ಟೊಪಾತ್ ಟ್ರಾವೆಲರ್’ ಎಂಬ ಆಟದಲ್ಲಿ ಮೊದಲು ಬಳಸಿ ‘ಎಚ್‌ಡಿ-2ಡಿ’ ಎಂದು ಹೆಸರಿಟ್ಟ ಪದ್ಧತಿ ಇದು. ಮನುಷ್ಯರು ಮೊದಲಿನಂತೆಯೇ ಚುಕ್ಕಿಗಳಿಂದಾದ ಚಪ್ಪಟೆ ಚಿತ್ರಗಳು. ಆದರೆ ಅವರು ನಿಂತಿರುವ ನೆಲ, ಮನೆ, ಬೆಟ್ಟ, ನೀರುಗಳು ಮೂರು ಆಯಾಮಗಳುಳ್ಳವು. ರಟ್ಟಿನಲ್ಲಿ ಕತ್ತರಿಸಿದ ಗೊಂಬೆಯನ್ನು ನಿಜವಾದ ಮಣ್ಣಿನ ಮೇಲೆ ನಿಲ್ಲಿಸಿದಂತೆ. ಅದರ ಮೇಲೆ ಸೂರ್ಯನ ಬೆಳಕು, ನೆರಳು, ನೀರಿನಲ್ಲಿ ಪ್ರತಿಬಿಂಬ. ಇವೆಲ್ಲಕ್ಕಿಂತ ಮುಖ್ಯವಾಗಿ, ಪರದೆಯ ಮೇಲಂಚೂ ಕೆಳಗಂಚೂ ಮಸುಕಾಗಿರುತ್ತವೆ. ನಡುವಿನ ಪಟ್ಟಿ ಮಾತ್ರ ಸ್ಪಷ್ಟ. ಗೊಂಬೆಯೂರಿನ ಗುಟ್ಟೆಲ್ಲ ಬಹುಮಟ್ಟಿಗೆ ಈ ಮಸುಕಿನಲ್ಲಿದೆ.

ಒಂದು ಕಣ್ಣು ಮುಚ್ಚಿ, ಬೆರಳನ್ನು ಮತ್ತೊಂದು ಕಣ್ಣಿನಿಂದ ಒಂದು ಗೇಣು ದೂರದಲ್ಲಿ ಹಿಡಿದು ಅದನ್ನೇ ದಿಟ್ಟಿಸಿ. ಕಿಟಕಿಯಾಚೆಯ ಮರ ಮಸುಕಾಗುತ್ತದೆ. ಕಾರಣ ಸುಲಭವಾದುದು. ಬೆರಳಿನ ಒಂದು ಬಿಂದುವಿನಿಂದ ಹೊರಟ ಕಿರಣಗಳು ಕಣ್ಣಿನ ಪಾಪೆಯನ್ನು ತುಂಬುವಷ್ಟು ಕವಲೊಡೆದು ಬರುತ್ತವೆ. ಪಾಪೆಯ ಅಗಲ ‘ಅ’, ಬೆರಳಿನ ದೂರ ‘ದ’ ಆದರೆ ಆ ಕವಲಿನ ಕೋನವು ಅ/ದ ರೇಡಿಯನ್. ಕಣ್ಣಿನ ಮಸೂರವು ಈ ಕವಲನ್ನು ಸರಿಯಾಗಿ ಒಟ್ಟುಗೂಡಿಸಿ ಅಕ್ಷಿಪಟದ ಮೇಲೆ ಬಿಂದುವಾಗಿಸುವಂತೆ ತನ್ನನ್ನು ಹದಗೊಳಿಸಿಕೊಂಡಿದೆ. ದೂರದ ಮರದಿಂದ ಬರುವ ಕಿರಣಗಳ ಕವಲಾದರೋ ಇದಕ್ಕಿಂತ ಬಹಳ ಕಿರಿದು. ಬೆರಳಿಗಾಗಿ ಹದಗೊಂಡ ಮಸೂರ ಅವನ್ನು ಅತಿಯಾಗಿ ಬಾಗಿಸಿ, ಬಿಂದುವಿನ ಬದಲು ಒಂದು ಬಿಲ್ಲೆಯನ್ನು ಮೂಡಿಸುತ್ತದೆ. ಆ ಬಿಲ್ಲೆಯ ಕೋನವು ಎರಡು ಕವಲುಗಳ ವ್ಯತ್ಯಾಸಕ್ಕೆ ಸಮ. ಅಂದರೆ, ಪಾಪೆಯ ಅಗಲವನ್ನು ಎರಡು ದೂರಗಳ ವ್ಯುತ್ಕ್ರಮಗಳ ಅಂತರದಿಂದ ಗುಣಿಸಿದರೆ ಮಸುಕಿನ ಅಳತೆ ದೊರೆಯುತ್ತದೆ.

ಈಗ ಅಂಕಿಗಳನ್ನು ಹಾಕೋಣ. ಪಾಪೆ 4 ಮಿಲಿಮೀಟರ್, ಬೆರಳು ಕಾಲು ಮೀಟರ್, ಮರ ಬಹು ದೂರ. 0.004ನ್ನು 4ರಿಂದ ಗುಣಿಸಿದರೆ 0.016 ರೇಡಿಯನ್, ಹೆಚ್ಚುಕಡಮೆ ಒಂದು ಡಿಗ್ರಿ. ಹುಣ್ಣಿಮೆಯ ಚಂದ್ರನ ಅಗಲ ಅರ್ಧ ಡಿಗ್ರಿ. ಮರದ ಒಂದೊಂದು ಬಿಂದುವೂ ಎರಡು ಚಂದ್ರರಷ್ಟು ಹರಡಿಕೊಂಡಿದೆಯೆಂದಾಯಿತು. ಬೆರಳನ್ನು ಇಳಿಸಿ 20 ಮೀಟರ್ ದೂರದ ಮನೆಯೊಂದನ್ನು ನೋಡಿ. ಈಗ ದಿಗಂತದ ಮಸುಕು 0.004ರ ಇಪ್ಪತ್ತನೆಯ ಒಂದು ಭಾಗ, 0.0002 ರೇಡಿಯನ್. ಇದು ಡಿಗ್ರಿಯ ಅರವತ್ತನೆಯ ಒಂದು ಭಾಗಕ್ಕಿಂತಲೂ ಕಡಮೆ. ಆರೋಗ್ಯವಾದ ಕಣ್ಣು ಗುರುತಿಸಬಲ್ಲ ಅತಿ ಚಿಕ್ಕ ಕೋನವೇ ಅಷ್ಟು. ಎಂದರೆ ನಿಜವಾದ ಊರನ್ನು ನಿಂತು ನೋಡುವಾಗ ಎದುರಿನ ಮನೆಯಿಂದ ಹಿಡಿದು ಬೆಟ್ಟದವರೆಗೆ ಯಾವುದೂ ಮಸುಕಾಗಿರುವುದಿಲ್ಲ. ಮಸುಕು ಕಾಣಿಸಿಕೊಳ್ಳುವುದು ನಾವು ಏನನ್ನೋ ಮುಖದ ಬಳಿಗೆ ಹಿಡಿದಾಗ ಮಾತ್ರ. ಹುಟ್ಟಿದಂದಿನಿಂದ ಕಣ್ಣು ಕಂಡುಕೊಂಡ ಸಂಬಂಧ ಇದು: ಮಸುಕಿದ್ದರೆ ಸಮೀಪ. ಸಮೀಪವಿದ್ದೂ ಊರಿಗೆ ಊರೇ ನೋಟದೊಳಗೆ ಹಿಡಿಯುತ್ತಿದ್ದರೆ, ಆ ಊರು ಚಿಕ್ಕದಿರಲೇಬೇಕು.

ಇದೇ ಲೆಕ್ಕವನ್ನು ತಿರುಗಿಸಿ ಹಾಕಿದರೆ ಇನ್ನೂ ಮೋಜಾಗಿದೆ. ಮೇಜಿನ ಮೇಲಿನ ಗೊಂಬೆಯ ಮನೆಯೊಂದು ಕಾಲು ಮೀಟರಿನಲ್ಲಿಯೂ ಅದರ ಹಿಂದಿನ ಮನೆ ಅರ್ಧ ಮೀಟರಿನಲ್ಲಿಯೂ ಇದ್ದರೆ ಹಿಂದಿನದರ ಮಸುಕು 0.008 ರೇಡಿಯನ್, ಸರಿಸುಮಾರು ಒಬ್ಬ ಚಂದ್ರನಷ್ಟು. ನಿಜವಾದ ಊರಿನಲ್ಲಿ 20 ಮೀಟರಿನ ಮನೆಯನ್ನು ನೋಡುವಾಗ 40 ಮೀಟರಿನ ಮನೆ ಅಷ್ಟೇ ಮಸುಕಾಗಬೇಕಾದರೆ ಪಾಪೆಯ ಅಗಲ ಎಷ್ಟಿರಬೇಕು? 32 ಸೆಂಟಿಮೀಟರ್! ಊಟದ ತಟ್ಟೆಯಗಲದ ಪಾಪೆ, ನಮ್ಮದರ ಎಂಬತ್ತರಷ್ಟು. ಆದ್ದರಿಂದ ಈ ಆಟದ ಚಿತ್ರವನ್ನು ಎರಡು ವಿಧವಾಗಿ ಅರ್ಥಮಾಡಬಹುದು. ಒಂದೋ ಊರು ಎಂಬತ್ತು ಪಾಲು ಕುಗ್ಗಿದೆ, ಇಲ್ಲವೇ ನೋಡುವವನು ಎಂಬತ್ತು ಪಾಲು ಹಿಗ್ಗಿದ್ದಾನೆ. ದ್ಯುತಿವಿಜ್ಞಾನಕ್ಕೆ ಇವೆರಡರಲ್ಲಿ ಯಾವ ವ್ಯತ್ಯಾಸವೂ ಕಾಣದು.

ಛಾಯಾಗ್ರಾಹಕರು ಈ ತಂತ್ರವನ್ನು ಬಹುಕಾಲದಿಂದ ಬಲ್ಲರು. ಮಸೂರವನ್ನು ಓರೆಯಾಗಿಸಿದರೆ ಸ್ಪಷ್ಟತೆಯ ತಲವೂ ಓರೆಯಾಗುವುದೆಂಬ ನಿಯಮಕ್ಕೆ ಆಸ್ಟ್ರಿಯದ ಥಿಯೊಡೋರ್ ಶೈಮ್‌ಫ್ಲುಗ್‌ನ (1865–1911) ಹೆಸರಿದೆ. ಅವನಿಗೆ ಬೇಕಾಗಿದ್ದುದು ಆಕಾಶದಿಂದ ತೆಗೆದ ಚಿತ್ರಗಳಿಂದ ನಕ್ಷೆ ತಯಾರಿಸುವ ಉಪಾಯ; ಗೊಂಬೆಯಾಟವಲ್ಲ. ಅದೇ ಓರೆಯನ್ನು ವಿಪರೀತವಾಗಿ ಬಳಸಿ, ಮಹಡಿಯ ಮೇಲಿನಿಂದ ತೆಗೆದ ನಗರದ ಚಿತ್ರವನ್ನು ಆಟಿಕೆಯ ನಗರವನ್ನಾಗಿ ಮಾಡುವುದು ಆಮೇಲೆ ಬಂದ ವಿನೋದ. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಮಾರ್ಟಿನ್ ಬ್ಯಾಂಕ್ಸ್ ಮತ್ತು ಅವನ ಸಹೋದ್ಯೋಗಿಗಳು 2010ರಲ್ಲಿ ಪ್ರಕಟಿಸಿದ ಪ್ರಯೋಗಗಳು, ಚಿತ್ರದಲ್ಲಿನ ಮಸುಕನ್ನು ಹೆಚ್ಚಿಸಿದಂತೆ ನೋಡುವವರು ದೃಶ್ಯವನ್ನು ಹೆಚ್ಚು ಸಮೀಪದ್ದೆಂದು ಅಂದಾಜು ಮಾಡುವರೆಂದು ತೋರಿಸಿದವು.

ಆಟದ ಯಂತ್ರದಲ್ಲಿ ಮಸೂರವೇ ಇಲ್ಲವಷ್ಟೆ. ಅಲ್ಲಿ ಪ್ರತಿ ಚುಕ್ಕಿಯ ಬಣ್ಣದೊಡನೆ ಅದರ ದೂರವೂ ದಾಖಲಾಗಿರುತ್ತದೆ. ಆ ದೂರದಿಂದ ಮಸುಕಿನ ಬಿಲ್ಲೆ ಎಷ್ಟಿರಬೇಕೆಂದು ಲೆಕ್ಕ ಮಾಡಿ, ಅಷ್ಟು ಸುತ್ತಳತೆಯ ನೆರೆಚುಕ್ಕಿಗಳ ಬಣ್ಣಗಳನ್ನು ಬೆರೆಸುತ್ತಾರೆ. 1920ಕ್ಕೆ 1080 ಚುಕ್ಕಿಗಳ ಪರದೆಯಲ್ಲಿ, ಸೆಕೆಂಡಿಗೆ ಅರವತ್ತು ಸಲ ಎಂದರೆ, ಈ ಕೆಲಸ ಸೆಕೆಂಡಿಗೆ ಹನ್ನೆರಡು ಕೋಟಿ ಚುಕ್ಕಿಗಳಿಗೆ ಮೀರಿ ನಡೆಯಬೇಕು. ಫ್ಯಾಮಿಕಾಮ್‌ನ ಸಂಸ್ಕಾರಕದ ಗಡಿಯಾರವೇ ಸೆಕೆಂಡಿಗೆ ಹದಿನೆಂಟು ಲಕ್ಷ ಸಲ ಮಿಡಿಯುತ್ತಿತ್ತು. ಹಳೆಯದನ್ನು ನೆನಪಿಗೆ ತರುವ ಸಲುವಾಗಿ ಇಷ್ಟು ಹೊಸ ಶಕ್ತಿಯನ್ನು ವ್ಯಯಿಸಬೇಕಾಗಿ ಬಂದುದು ವಿನೋದವೇ ಸರಿ.

ಇದರಿಂದ ಆಟಕ್ಕೆ ಲಾಭವಾಯಿತೇ? ಊರುಗಳಲ್ಲಿ ಆಯಿತೆಂದೇ ಹೇಳಬೇಕು. ಸಂಜೆಯ ಹೊತ್ತು ಕಿಟಕಿಗಳಲ್ಲಿ ದೀಪ ಮೂಡಿದಾಗ ಆಟವನ್ನು ನಿಲ್ಲಿಸಿ ಸುಮ್ಮನೆ ನೋಡುವ ಮನಸ್ಸಾಗುತ್ತದೆ. ಹಗಲು ರಾತ್ರಿಗಳ ತಿರುವು 1988ರಲ್ಲಿಯೂ ಇತ್ತು. ಆಗ ಬಣ್ಣಗಳನ್ನು ಕಪ್ಪಾಗಿಸುವುದಷ್ಟೆ ಸಾಧ್ಯವಿತ್ತು. ಆದರೆ ಒಂದು ಕೊರತೆಯನ್ನು ಮುಚ್ಚಿಡಲಾಗದು. ನಿಜವಾದ ಕಣ್ಣು ಮಸುಕಾದ ಕಡೆಗೆ ತಿರುಗಿದೊಡನೆ ಆ ಕಡೆ ಸ್ಪಷ್ಟವಾಗುತ್ತದೆ. ಪರದೆಯ ಮಸುಕು ಬರೆದಿಟ್ಟ ಮಸುಕು. ಎಷ್ಟು ದಿಟ್ಟಿಸಿದರೂ ತಿಳಿಯಾಗುವುದಿಲ್ಲ. ಪರದೆಯ ಮೇಲ್ಭಾಗದಲ್ಲಿರುವ ಬಾಗಿಲನ್ನೋ ಪೆಟ್ಟಿಗೆಯನ್ನೋ ಹುಡುಕುವಾಗ ಇದು ಬೇಸರ ತರಿಸುತ್ತದೆ. ಇನ್ನೂ ಆಳವಾದ ಆಕ್ಷೇಪ ಬೇರೆಯಿದೆ. ಈ ಮಾಲೆಯ ನಾಯಕನಿಗೆ ಮಾತೇ ಇಲ್ಲ. ಅವನ ಹೆಸರನ್ನು ಆಡುವವನೇ ಇಡಬೇಕು. ಅವನೇ ನಾನು ಎಂದು ಭಾವಿಸಲೆಂಬುದೇ ಇದರ ಉದ್ದೇಶ. ನೋಡುವವನ ನೆಲೆಯನ್ನು ಹೇಳದ ಹಳೆಯ ಚಿತ್ರ ಈ ಭಾವನೆಗೆ ಅಡ್ಡಿಯಾಗಲಿಲ್ಲ. ಹೊಸ ಚಿತ್ರವು ನನ್ನ ನೆಲೆಯನ್ನು ನಿಶ್ಚಯವಾಗಿ ಹೇಳಿಬಿಡುತ್ತದೆ: ನಾನು ನಾಯಕನಲ್ಲ, ತಟ್ಟೆಗಣ್ಣಿನ ದೈತ್ಯ, ಮೇಜಿನ ಮೇಲೆ ಬಾಗಿ ಅವನನ್ನು ನೋಡುತ್ತಿದ್ದೇನೆ. ಸೌಂದರ್ಯವನ್ನು ಪಡೆಯಲು ಆಟವು ತೆತ್ತ ಬೆಲೆ ಇದು. ನನ್ನ ಎಣಿಕೆಯಲ್ಲಿ ಸಣ್ಣದಲ್ಲ.

ಯುದ್ಧದ ಪ್ರಸಂಗಗಳಲ್ಲಿ ಮಾತ್ರ ಈ ದೂರ ಅಳಿಯುತ್ತದೆ. ಆಜ್ಞೆಗಳನ್ನು ಆರಿಸುವಾಗ ನಮ್ಮ ತಂಡದ ಬೆನ್ನು ಕಾಣುತ್ತದೆ. ಹೊಡೆದಾಟ ಮೊದಲಾದೊಡನೆ ನೋಟವು ನಾಯಕನ ಕಣ್ಣಿಗೇ ಸರಿದು, ತೊರಿಯಾಮನ ಜಂತುಗಳು ನೇರವಾಗಿ ನಮ್ಮನ್ನೇ ದುರುಗುಟ್ಟಿ ನೋಡುತ್ತವೆ. ಹಳೆಯ ಆಟದಲ್ಲಿ ಈ ಜಂತುಗಳ ಹಿಂದೆ ಬರಿಯ ಕತ್ತಲೆಯಿತ್ತು. ಈಗ ಕಾಡು, ಗುಹೆ, ಮರಳುಗಾಡುಗಳಿವೆ.

ಆಟದ ಭೂಪಟದ ವಿಷಯ ನಮ್ಮ ಓದುಗರಿಗೆ ವಿಶೇಷ ಸ್ವಾರಸ್ಯವುಳ್ಳದ್ದು. ಅದನ್ನು ನಮ್ಮ ಭೂಮಿಯನ್ನೇ ಹೋಲುವಂತೆ ರಚಿಸಿದ್ದಾರೆ. ಇಟಲಿಯ ಕಡೆ ರೊಮಾರಿಯ, ಈಜಿಪ್ಟಿನ ಕಡೆ ಇಸಿಸ್, ಪೂರ್ವದಂಚಿನಲ್ಲಿ ಜಿಪಾಂಗು. ಭಾರತವಿರಬೇಕಾದ ಎಡೆಯಲ್ಲಿ ‘ಬಹರತ’ ಎಂಬ ಊರು. ಅಲ್ಲಿನ ತರುಣನ ಹೆಸರು ಗುಪ್ತ. ಅಲ್ಲಿ ಸಿಕ್ಕುವ ಸರಕು ಕರಿಮೆಣಸು! ಪೋರ್ಟೊಗ ಎಂಬ ದೇಶದ ಅರಸನಿಗೆ ಮೆಣಸಿನ ಹುಚ್ಚು. ತಂದುಕೊಟ್ಟವನಿಗೆ ಹಡಗನ್ನೇ ಕೊಡುತ್ತಾನೆ. ಚರಿತ್ರೆಯಲ್ಲಿ ಹಡಗು ಮೊದಲು, ಮೆಣಸು ಆಮೇಲೆ. ವಾಸ್ಕೊ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದುದು ನೀರಿನ ಮೇಲೆಯೇ. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದದ್ದನ್ನು ಬಲ್ಲ ಕನ್ನಡಿಗನು ಈ ಪ್ರಸಂಗದಲ್ಲಿ ಮುಗುಳ್ನಗದೆ ಇರಲಾರ.

ಆದರೆ ಈ ‘ಭೂಮಿ’ ಗೋಳವಲ್ಲ. ಹಳೆಯ ಆಟದಲ್ಲಿ ಹಡಗನ್ನೇರಿ ಪಟದ ಪೂರ್ವದಂಚನ್ನು ದಾಟಿದರೆ ಪಶ್ಚಿಮದಂಚಿನಲ್ಲಿ ಹೊರಬೀಳುತ್ತೇವೆ, ಅದು ಸರಿಯೇ. ಉತ್ತರದಂಚನ್ನು ದಾಟಿದರೆ ದಕ್ಷಿಣದಂಚಿನಲ್ಲಿ ಹೊರಬೀಳುತ್ತೇವೆ. ಗೋಳದ ಮೇಲೆ ಇದು ಆಗದ ಮಾತು. ಉತ್ತರ ಧ್ರುವವನ್ನು ದಾಟಿದವನು ದಕ್ಷಿಣಾಭಿಮುಖವಾಗಿ ಮತ್ತೊಂದು ಪಕ್ಕದಲ್ಲಿ ಇಳಿಯಬೇಕು. ಒಂದು ಕಾಗದದ ಎಡಬಲ ಅಂಚುಗಳನ್ನು ಸೇರಿಸಿ ಕೊಳವೆ ಮಾಡಿ, ಅನಂತರ ಕೊಳವೆಯ ಎರಡು ಬಾಯಿಗಳನ್ನು ಕೂಡಿಸಿದರೆ ಏನಾಗುವುದೋ ಅದೇ ಈ ಲೋಕದ ಆಕಾರ. ಲೋಕವನ್ನುಳಿಸಲು ಹೊರಟ ವೀರರು ಅಲೆದಾಡುತ್ತಿರುವುದು ಒಂದು ಮಹಾ ಉದ್ದಿನವಡೆಯ ಮೇಲೆ.

ಉಳಿದ ಬದಲಾವಣೆಗಳನ್ನು ಚಿಕ್ಕದಾಗಿ ಹೇಳಬಹುದು. ಸಂಗೀತವನ್ನು ಟೋಕಿಯೊ ಮಹಾನಗರದ ವಾದ್ಯವೃಂದ ನುಡಿಸಿದೆ, ಬಹಳ ಚೆನ್ನಾಗಿದೆ. ಜಂತುಗಳನ್ನು ಪಳಗಿಸುವ ಹೊಸ ವೃತ್ತಿಯೊಂದನ್ನು ಸೇರಿಸಿದ್ದಾರೆ. ಕಾಠಿನ್ಯಕ್ಕೆ ಮೂರು ಮಟ್ಟಗಳಿವೆ. ಅತಿ ಸುಲಭವಾದುದರಲ್ಲಿ ನಮ್ಮವರು ಸಾಯುವುದೇ ಇಲ್ಲ, ಆದುದರಿಂದ ಗೆಲುವಿಗೆ ರುಚಿಯೂ ಇಲ್ಲ. ಮುಂದೆ ಹೋಗಬೇಕಾದ ಸ್ಥಳವನ್ನು ಪಟದ ಮೇಲೆ ಗುರುತುಮಾಡಿ ತೋರಿಸುವ ಸೌಲಭ್ಯವನ್ನು ಆರಿಸಿಬಿಡುವುದು ಲೇಸು. ಊರವರ ಮಾತುಗಳಿಂದ ದಾರಿಯನ್ನು ಊಹಿಸುವುದರಲ್ಲಿಯೇ ಈ ಆಟದ ಬುದ್ಧಿವಂತಿಕೆ ಇದ್ದುದು. ಕಥಾಕ್ರಮದಲ್ಲಿ ಇದರ ತರುವಾಯ ಬರುವ ಮೊದಲೆರಡು ಆಟಗಳು ಇದೇ ಉಡುಪಿನಲ್ಲಿ 2025ರ ಅಕ್ಟೋಬರ್ 30ರಂದು ಹೊರಬಂದಿವೆ.

ಮಸುಕಿನ ವಿಷಯದಲ್ಲಿ ಸಂಶಯವುಳ್ಳ ವಿದ್ಯಾರ್ಥಿಗಳು ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು. ಗಟ್ಟಿ ಕಾಗದವೊಂದರಲ್ಲಿ ಸೂಜಿಯಿಂದ ಸುಮಾರು ಒಂದು ಮಿಲಿಮೀಟರಿನ ರಂಧ್ರ ಮಾಡಿ ಕಣ್ಣಿಗೆ ಒತ್ತಿ ಹಿಡಿಯಿರಿ. ಪಾಪೆಯ ಅಗಲ ನಾಲ್ಕರಿಂದ ಒಂದಕ್ಕಿಳಿದಂತಾಯಿತು. ಮೊದಲಿನಂತೆ ಬೆರಳನ್ನು ದಿಟ್ಟಿಸಿದರೆ, ಹಿಂದಿನ ಮರದ ಮಸುಕು ನಾಲ್ಕರಲ್ಲಿ ಒಂದು ಪಾಲಿಗೆ ಇಳಿದು, ರೆಂಬೆಗಳು ಬಿಡಿಬಿಡಿಯಾಗಿ ಕಾಣತೊಡಗುತ್ತವೆ. ಅದೇ ರಂಧ್ರದ ಮೂಲಕ ಆಟದ ಪರದೆಯನ್ನು ನೋಡಿ. ಬೆಳಕು ಕುಂದುತ್ತದೆ, ಮೇಲಂಚಿನ ಮಸುಕು ಮಾತ್ರ ಇದ್ದಷ್ಟೇ ಇರುತ್ತದೆ.